ನವಿಲಿನ ಮೊಟ್ಟೆಗೆ ಹಾಲೆರೆದವರು

ಪಂಚಮಿ ಹಬ್ಬದ ದಿನ ಮಾವನ ಮನೆಯಲ್ಲಿ ಊಟಕ್ಕೆ ಕೂತವನು ತಾಟು ಸರಿಸಿ ಎದ್ದು ಬಂದುಬಿಟ್ಟೆ.

ಅಳಿಯನಾದವನು ಹಬ್ಬದ ಊಟ ಬಿಟ್ಟು ಎದ್ದರೆ ನಮ್ಮ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ. ಉಡುಗೊರೆ ಕಡಿಮೆ ಬಿದ್ದಿದೆ! ಮರುದಿನವೇ ಹಾನಗಲ್ಲಿನ ನನ್ನ ಮನೆಗೆ ಒಂದು ಟೆರಿಕಾಟ್ ಶರ್ಟಿನ ಬಟ್ಟೆ ಬಂತು. ವಾಪಸು ಕಳಿಸಿದೆ. ಮುಂದಿನ ವಾರ ಪ್ಯಾಂಟಿನ ಬಟ್ಟೆಯೂ ಸೇರಿ ಬಂತು. ಅದನ್ನೂ ವಾಪಸು ಕಳಿಸಿದೆ. ಆಗ ಮಾವನ ಮನೆಯಲ್ಲಿ ನಿಜವಾದ ಗಾಬರಿ ಶುರುವಾಯಿತಂತೆ. ಅಳಿಯ ಸ್ಕೂಟರ್ ಮೇಲೆ ಕಣ್ಣಿಟ್ಟಿದ್ದಾನೆ ಎಂದು.

ನನ್ನ ಸಿಟ್ಟು ಐದು ಮೊಟ್ಟೆಗಳ ಮೇಲಿನದು ಎಂದು ನಾನು ಹೇಳಿಯೇ ಹೇಳಿದೆ. ಯಾರೂ ನಂಬಲಿಲ್ಲ. ನೀವಾದರೂ ನಂಬುತ್ತೀರಾ?

ನಾನು ಅಂಚೆ ಕಚೇರಿಯಲ್ಲಿ ಕೌಂಟರಿನ ಹಿಂದೆ ಕೂರುವವನೆಂದು ಈ ಅಂಕಣ ಓದುವವರಿಗೆ ಗೊತ್ತು. ಸಿಡುಕ ಎಂದೂ ಗೊತ್ತು. (ಹರಿದ ನೋಟು ಕೊಟ್ಟು ಸ್ಟಾಂಪ್ ಕೇಳಿದವರಿಗೆ ಇನ್ನೂ ಚೆನ್ನಾಗಿ ಗೊತ್ತು.) ಆದರೆ ನನ್ನ ಸಿಡುಕು ಸಂಜೆಯ ಚಹಾದ ಹೊತ್ತಿಗೆ ಇಳಿದುಹೋಗುವಂಥದ್ದು. ಈ ಸಲದ್ದು ಇಳಿಯಲಿಲ್ಲ. ಶ್ರಾವಣ ಮುಗಿಯಿತು, ಗಣಪತಿ ನೀರಿಗೆ ಹೋದ, ಆದರೂ ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತಿದ್ದೇನೆ.

ನನ್ನ ಹೆಂಡತಿ ಸುಮಿತ್ರಾಳ ತವರು ಶಿಗ್ಗಾಂವಿ ತಾಲೂಕಿನ ಒಂದು ಹಳ್ಳಿ. ಹುಲಗೂರಿನ ಬಸ್ಸಿನಲ್ಲಿ ಕೂತು ನಡುದಾರಿಯಲ್ಲಿ ಇಳಿದು, ಹೊಲದ ದಾರಿ ಹಿಡಿದು ನಡೆಯಬೇಕು. ಹೆಸರು ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಊರ ಮುಂದೆ ಒಂದು ಕೆರೆ, ಕೆರೆಯ ಏರಿಯ ಮೇಲೆ ಹುಣಸೆ ಮರಗಳು, ಏರಿಯ ಕೆಳಗೆ ಪ್ರಾಥಮಿಕ ಶಾಲೆ. ಆ ಹುಣಸೆ ಮರಗಳಲ್ಲಿ ನವಿಲು ಕೂರುತ್ತಿದ್ದವು. ಬೆಳಗ್ಗೆ ಹೊಲಕ್ಕೆ ಇಳಿದು, ಹೊತ್ತು ಮುಳುಗುವ ಮುಂಚೆ ಮರಕ್ಕೆ ವಾಪಸು. ನೌಕರದಾರರ ಹಾಗೆ ಟೈಮಿಗೆ ಸರಿಯಾಗಿ ಬರುತ್ತಿದ್ದವು.

ಊರಿಗೆ ಕರೆಂಟು ಬಂದಾಗ ತಂತಿಯನ್ನು ಇದೇ ಏರಿಯ ಮೇಲೆ ಎಳೆದರು. ಕಂಬ ನೆಡಲು ಗಟ್ಟಿ ನೆಲ ಅಲ್ಲಿ ಸಿಕ್ಕಿತು, ಅಷ್ಟೇ ಕಾರಣ. ನವಿಲಿನದು ದೊಡ್ಡ ಮೈ. ಮರದಿಂದ ಹಾರುವಾಗ ಒಂದು ರೆಕ್ಕೆ ಒಂದು ತಂತಿಗೆ, ಇನ್ನೊಂದು ರೆಕ್ಕೆ ಇನ್ನೊಂದು ತಂತಿಗೆ ತಾಗಿದರೆ ಮುಗಿಯಿತು. ಊರಿನ ದೀಪ ಒಮ್ಮೆ ಮಿಣುಕಿ ಆರುತ್ತಿತ್ತು. "ನವಿಲ ಬಿತ್ತು" ಎಂದು ಜನ ಮನೆಯೊಳಗೆ ಕೂತೇ ಹೇಳುತ್ತಿದ್ದರು. ಆಮೇಲೆ ಲೈನ್‌ಮನ್ ಬರುವವರೆಗೆ ಚಿಮಣಿ ಬುಡ್ಡಿ ಹುಡುಕುತ್ತಿದ್ದರು.

ನನ್ನ ಹೆಂಡತಿಯ ತಮ್ಮ ವೀರನಗೌಡ ಆ ಊರಿನ ಪಂಚಾಯ್ತಿ ಚೇರ್ಮನ್. ಈ ಲೇಖನದಲ್ಲಿ ನಾನು ಅವನನ್ನು ಬಯ್ಯುವವನಿದ್ದೇನೆ, ಆದ್ದರಿಂದ ಮೊದಲು ಅವನ ಒಳ್ಳೆಯದನ್ನು ಹೇಳಿಬಿಡುತ್ತೇನೆ. ಹೋದ ವರ್ಷದ ಬೇಸಿಗೆಯಲ್ಲಿ ದೊಡ್ಡ ಗಂಡು ನವಿಲೊಂದು ತಂತಿಗೆ ಸಿಕ್ಕಿ ಸತ್ತಾಗ ಇವನು ಅದನ್ನು ತನ್ನ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ. ಬಾಲದ ಗರಿ ಬಸ್ಸಿನ ಕಿಟಕಿಯಿಂದ ಹೊರಗೆ ಜೋತಾಡುತ್ತಿತ್ತಂತೆ. ಕರೆಂಟಿನ ಆಫೀಸಿಗೆ ಹೋಗಿ ಸಾಹೇಬರ ಟೇಬಲ್ ಮೇಲೆ ಅದನ್ನು ಮಲಗಿಸಿದ.

"ಇದು ರಾಷ್ಟ್ರಪಕ್ಷಿ ಐತ್ರಿ ಸಾಹೇಬ್ರ. ನಿಮ್ಮ ವೈರ್ ತಾಗಿ ಸತ್ತೈತಿ. ನಾ ಏನ್ ಮಾಡ್ಲಿ, ನೀವ ಹೇಳ್ರಿ" ಎಂದು ಎದುರಿಗೆ ಕೂತ. ಸಾಹೇಬರು ಎದ್ದು ನಿಂತರಂತೆ.

ಆಮೇಲೆ ಓಡಾಡಿದ. ಬಿಸಿಲಲ್ಲಿ ಓಡಾಡಿದ, ಮಳೆಯಲ್ಲಿ ಓಡಾಡಿದ. ಕೊನೆಗೆ ಒಂದು ದಿನ ಮಂಜೂರಾಯಿತು. ಏರಿಯ ಮೇಲಿನ ತಂತಿ ತೆಗೆಯುವುದು, ಅಷ್ಟು ದೂರಕ್ಕೆ ಮಾತ್ರ ನೆಲದೊಳಗೆ ಕೇಬಲ್ ಹೂಳುವುದು. ಹಳ್ಳಿಯ ನವಿಲಿಗಾಗಿ ಸರಕಾರ ನೆಲ ಅಗೆಯುತ್ತದೆಂದರೆ ಸಣ್ಣ ಮಾತೇ? ಪಟ್ಟಣದ ದೊಡ್ಡ ರಸ್ತೆಗಳಿಗೇ ಇಲ್ಲದ ಭಾಗ್ಯ! ನಾನು ಕೌಂಟರಿಗೆ ಬಂದವರಿಗೆಲ್ಲ ಹೇಳಿದೆ. ರಟ್ಟೀಹಳ್ಳಿಯಿಂದ ಬಂದಿದ್ದ ಒಬ್ಬ ಹಿರಿಯರು, "ನಿಮ್ಮ ಅಳಿಯತನ ಸಾರ್ಥಕ ಆತು ನೋಡ್ರಿ" ಎಂದರು. ನನಗೆ ನಿಜಕ್ಕೂ ಎದೆ ಉಬ್ಬಿತ್ತು.

ಆಷಾಢದಲ್ಲಿ ಕೆಲಸ ಶುರುವಾಯಿತು. ಸವಣೂರಿನ ಓವರ್‌ಸಿಯರ್ ಮಕ್ತುಮ್‌ಸಾಬ್ ಎಂಬವರು ಸುಣ್ಣದ ಗೆರೆ ಹಾಕಿಸಿದರು. ಹಿರೇಕೆರೂರ ಕಡೆಯ ಕೂಲಿಗಳು ಗೆರೆಯ ಮೇಲಿನ ಕಂಟಿ ಸವರುತ್ತ ಬಂದರು. ಏರಿಯ ಬುಡದಲ್ಲಿ, ಶಾಲೆಯ ಹಿಂದಿನ ಜಾಲಿ ಕಂಟಿಗೆ ಕುಡಗೋಲು ಹಾಕುವಷ್ಟರಲ್ಲಿ ದಡಬಡ ಎಂದು ಒಂದು ಹೆಣ್ಣು ನವಿಲು ಎದ್ದು ಹಾರಿತು. ಬಗ್ಗಿ ನೋಡಿದರೆ ನೆಲದ ಮೇಲೆ ಐದು ಮೊಟ್ಟೆ. ಬೆಣ್ಣೆಯ ಬಣ್ಣದವು. ನವಿಲು ಮರದಲ್ಲಿ ಮಲಗಿದರೂ ಮೊಟ್ಟೆ ಇಡುವುದು ನೆಲದ ಮೇಲೆ, ಕಂಟಿಯ ಮರೆಯಲ್ಲಿ. ಸರಿಯಾಗಿ ಸುಣ್ಣದ ಗೆರೆಯ ಮೇಲೆಯೇ ಇಟ್ಟಿತ್ತು.

ಮಕ್ತುಮ್‌ಸಾಬ್ ಕೆಲಸ ನಿಲ್ಲಿಸಿದರು. ಅವರೇನು ಹಕ್ಕಿಯ ಪಂಡಿತರಲ್ಲ. ಅವರಿಗಿದ್ದದ್ದು ಸಾದಾ ಬುದ್ಧಿ. ಕಡಿದ ಕಂಟಿಯನ್ನು ಸುತ್ತ ಒಟ್ಟಿಸಿದರು. ಅಷ್ಟು ಜಾಗ ಬಿಟ್ಟು ಆಚೆ ತುದಿಯಿಂದ ತೆಗ್ಗು ತೆಗೆಯಿರಿ ಎಂದು ಕೂಲಿಗಳಿಗೆ ಹೇಳಿದರು. ಮರಿ ಎದ್ದು ತಾಯಿಯ ಹಿಂದೆ ಹೋದ ಮೇಲೆ ಈ ಜಾಗ ಅಗೆದರಾಯಿತು. ಅಷ್ಟರಲ್ಲಿ ಆಗದಿದ್ದರೆ ಲೈನನ್ನೇ ಸ್ವಲ್ಪ ಬಗ್ಗಿಸಿ ಒಯ್ದರಾಯಿತು. ಇಷ್ಟು ಹೇಳಿ ವೀರನಗೌಡನ ಕಡೆ ತಿರುಗಿ ಒಂದು ಮಾತು ಅಂದರಂತೆ.

"ಗೌಡ್ರ, ಇಲ್ಲಿ ಯಾರೂ ಬರಬಾರ್ದು. ನೀವೂ ಬರಬ್ಯಾಡ್ರಿ. ಇಲ್ಲೊಂದು ನವಿಲ ಐತಿ ಅನ್ನೂದ ಮರತ ಬಿಡ್ರಿ."

ಓದುಗರೇ, ಇದಕ್ಕಿಂತ ಸುಲಭದ ಕೆಲಸ ಜಗತ್ತಿನಲ್ಲಿ ಉಂಟೇ? ಮರೆತುಬಿಡಬೇಕಿತ್ತು. ತೆಗೆದುಕೊಂಡ ಸಾಲ ಮರೆಯುತ್ತೇವೆ. ಎಲೆಕ್ಷನ್ನಿನಲ್ಲಿ ಕೊಟ್ಟ ಮಾತು ಮರೆಯುತ್ತೇವೆ. ಲಗ್ನದ ಆಮಂತ್ರಣ ಪತ್ರಿಕೆಗೆ ಸ್ಟಾಂಪ್ ಹಚ್ಚುವುದನ್ನೂ ಮರೆಯುತ್ತೇವೆ. (ದಂಡ ಕೊಟ್ಟವರು ನನ್ನ ಕೌಂಟರಿಗೆ ಬಂದು ಜಗಳ ಆಡುತ್ತಾರೆ.) ಒಂದು ನವಿಲನ್ನು ಒಂದು ತಿಂಗಳ ಮಟ್ಟಿಗೆ ಮರೆಯುವುದು ನಮ್ಮಿಂದ ಆಗಲಿಲ್ಲ.

ವೀರನಗೌಡನ ಹೊಟ್ಟೆಯಲ್ಲಿ ಮಾತು ನಿಲ್ಲಲಿಲ್ಲ. "ನಮ್ಮವ್ವಗ ಅಷ್ಟ ಹೇಳೇನ್ರಿ ಮಾಮಾ" ಎನ್ನುತ್ತಾನೆ ಈಗಲೂ. ಅವನ ಅವ್ವ, ಅಂದರೆ ನನ್ನ ಅತ್ತೆ, ಬಾವಿಕಟ್ಟೆಯಲ್ಲಿ ಒಬ್ಬರಿಗೆ ಅಷ್ಟೇ ಹೇಳಿದರು. ಆ ಒಬ್ಬರು ಗುಡಿಯಲ್ಲಿ ಒಬ್ಬರಿಗೆ ಅಷ್ಟೇ ಹೇಳಿದರು. ಶ್ರಾವಣ ಹತ್ತಿರ ಬಂದಿತ್ತು. ಶ್ರಾವಣದ ಗಾಳಿ ಬೀಸಿತೆಂದರೆ ನಮ್ಮ ಜನಕ್ಕೆ ಕಂಡದ್ದೆಲ್ಲ ದೇವರು. ನವಿಲೆಂದರೆ ಷಣ್ಮುಖನ ವಾಹನ. ಅದು ಊರು ಬಿಟ್ಟು, ಅಡವಿ ಬಿಟ್ಟು, ಶಾಲೆಯ ಹಿಂದೆ ಬಂದು, ಕೇಬಲ್ಲಿನ ಗೆರೆಯ ಮೇಲೆಯೇ ಯಾಕೆ ಮೊಟ್ಟೆ ಇಡಬೇಕು? ಏನೋ ಸೂಚನೆ ಇದ್ದೇ ಇರಬೇಕು.

ಮೊದಲು ಒಬ್ಬಿಬ್ಬರು ಕಂಟಿಯ ಹೊರಗೆ ನಿಂತು ಕೈ ಮುಗಿದು ಹೋದರು. ಆಮೇಲೆ ಅರಿಷಿಣ ಕುಂಕುಮ ತಂದವರು ಕಂಟಿಯ ಮೇಲೆಯೇ ಎರಚಿದರು. ಇನ್ನೊಬ್ಬರಿಗೆ ಸರಿಯಾಗಿ ಕಾಣಲಿಲ್ಲವೆಂದು ಕಂಟಿಯನ್ನು ತುಸು ಸರಿಸಿದರು. ಮತ್ತೊಬ್ಬರು ಇನ್ನೂ ತುಸು ಸರಿಸಿದರು. ಮೊಟ್ಟೆ ಮಳೆಯಲ್ಲಿ ತೊಯ್ಯುತ್ತವಲ್ಲ ಎಂದು ಯಾರಿಗೋ ಕರುಳು ಚುರುಕ್ ಎಂದಿತು. ಬಿದಿರು ನೆಟ್ಟು, ಮೇಲೆ ತಾಡಪತ್ರಿ ಕಟ್ಟಿದರು. ತಾಡಪತ್ರಿ ಬರೀ ಬರೀ ಕಾಣುತ್ತದೆಂದು ಮಾವಿನ ತೋರಣ ಕಟ್ಟಿದರು. ತೋರಣ ಕಟ್ಟಿದ ಮೇಲೆ ಮೈಕ್ ಬೇಡವೇ? ಅದೂ ಬಂತು.

ಮೊದಮೊದಲು ನವಿಲು ಜನ ಚದುರಿದ ಮೇಲೆ ವಾಪಸು ಬಂದು ಕೂರುತ್ತಿತ್ತಂತೆ. ಆಮೇಲೆ ಬರುವುದು ತಡವಾಯಿತು. ಬಂದರೂ ನಿಲ್ಲುತ್ತಿರಲಿಲ್ಲ. "ತಾಯಿ ಮೇಯಾಕ ಹೋಗ್ಯಾಳ" ಎಂದು ಭಕ್ತರು ತಾವೇ ಸಮಾಧಾನ ಮಾಡಿಕೊಂಡರು.

ಇದೊಂದೂ ನನಗೆ ಗೊತ್ತಿರಲಿಲ್ಲ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ವಾಡಿಕೆ. ಸುಮಿತ್ರಾ ಮೊದಲೇ ಹೋಗಿದ್ದಳು. ನಾನು ಹಬ್ಬದ ದಿನ ಬೆಳಗಿನ ಬಸ್ಸಿಗೆ ಹಾನಗಲ್ ಬಿಟ್ಟೆ. ಬಂಕಾಪುರದಲ್ಲಿ ಚಹಾ ಕುಡಿದೆ. ಶಿಗ್ಗಾಂವಿಯಲ್ಲಿ ಹುಲಗೂರ ಬಸ್ಸು ಹಿಡಿದೆ. ಇಳಿದು ಹೊಲದ ದಾರಿಯಲ್ಲಿ ನಡೆಯುತ್ತಿದ್ದರೆ ಜಿಟಿಜಿಟಿ ಮಳೆ, ಎಲ್ಲಿ ನೋಡಿದರೂ ಹಸಿರು, ನನ್ನ ಮನಸ್ಸಿನಲ್ಲಿ ಉಂಡಿಯ ಧ್ಯಾನ. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಅತ್ತೆಯ ಕೈಯ ತಂಬಿಟ್ಟಿನ ಉಂಡಿ. ಎಷ್ಟು ಸುಖವಾಗಿ ನಡೆದಿದ್ದೆ ಎಂದರೆ, ದೂರದಿಂದ ಮೈಕಿನ ಸದ್ದು ಕೇಳಿದಾಗಲೂ ಯಾರದೋ ಮನೆಯ ಲಗ್ನವಿರಬೇಕು ಎಂದುಕೊಂಡೆ. ಪಂಚಮಿಯ ದಿನ ಯಾರ ಲಗ್ನ?

ಶಾಲೆಯ ಹಿಂದೆ ಜನವೋ ಜನ. ಹೊಸ ಸೀರೆಯ ಹೆಂಗಸರು ಸಾಲು ಹಚ್ಚಿದ್ದರು. ಹುತ್ತಕ್ಕೆ ಹಾಲೆರೆದು ಬರುವ ದಾರಿ ಅದೇ. ಚರಿಗೆಯಲ್ಲಿ ಉಳಿದ ಹಾಲನ್ನು ಮನೆಗೆ ವಾಪಸು ಒಯ್ಯುವುದೇಕೆ? ಸಾಲಾಗಿ ಬಂದು, ಬಗ್ಗಿ, ಆ ಐದು ಮೊಟ್ಟೆಗಳ ಮೇಲೆ ಎರೆಯುತ್ತಿದ್ದರು.

ಇನ್ನೊಮ್ಮೆ ಹೇಳುತ್ತೇನೆ. ನಾಗಪ್ಪನ ಹಬ್ಬದ ದಿನ, ನಾಗಪ್ಪನಿಗೆ ಎರೆದು ಉಳಿದ ಹಾಲನ್ನು, ಹಾವು ತಿನ್ನುವ ಹಕ್ಕಿಯ ಮೊಟ್ಟೆಯ ಮೇಲೆ! (ನಾಗಪ್ಪ ಏನೆಂದುಕೊಂಡನೋ, ಕೇಳಿದವರಿಲ್ಲ.)

ಮೊಟ್ಟೆಗಳ ಬಣ್ಣವೇ ಕಾಣುತ್ತಿರಲಿಲ್ಲ. ಅರಿಷಿಣ, ಕುಂಕುಮ, ಹಾಲು, ಹೂವು, ಒಡೆದ ತೆಂಗಿನಕಾಯಿಯ ನೀರು, ಎಲ್ಲ ಕಲಸಿ ಕೆಸರಾಗಿತ್ತು. ಆ ಕೆಸರಿಗೆ ಕೆಂಪಿರುವೆ ಹತ್ತಿತ್ತು. ಏರಿಯ ಮೇಲೆ, ಜನರ ಬೆನ್ನ ಹಿಂದೆ, ಆ ಹೆಣ್ಣು ನವಿಲು ನಿಂತಿತ್ತು. ಕತ್ತು ಚಾಚಿ ನೋಡುತ್ತಿತ್ತು. ಎರಡು ಹೆಜ್ಜೆ ಕೆಳಗೆ ಇಳಿಯುತ್ತಿತ್ತು, ಮೈಕು ಕರ್ ಎಂದ ಕೂಡಲೇ ಮೇಲಕ್ಕೆ ಓಡುತ್ತಿತ್ತು. ಮತ್ತೆ ಇಳಿಯುತ್ತಿತ್ತು. ಅಷ್ಟು ಜನರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ. ಅವರಿಗೆ ನವಿಲಿನ ದರ್ಶನ ಮಾಡುವುದಿತ್ತಲ್ಲ!

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ. ಚೀಲ ಅಲ್ಲೇ ಬಿಸಾಕಿ ಸಾಲಿನ ನಡುವೆ ನುಗ್ಗಿದೆ.

"ಸರೀರಿ ಎಲ್ಲಾರೂ! ಅದನ್ನ ಕೆಳಗ ಬರಾಕ ಬಿಡ್ರಿ!"

ಒಬ್ಬ ಹೆಂಗಸು ಚರಿಗೆ ಹಿಡಿದುಕೊಂಡೇ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ್ರಿ ಯಣ್ಣಾ, ಹಾಲ ಎರದ್ರ ಏನ ತಪ್ಪಾತು? ವಿಷಾ ಎರದೇವೇನು?"

"ವಿಷಾ ಎರದಿದ್ರ ಒಂದ ಸಲಕ್ಕ ಸಾಯ್ತಿದ್ವು. ತತ್ತಿಗೆ ತಾಯಿ ಮೈಬಿಸಿ ಬೇಕವ್ವಾ, ಹಾಲಲ್ಲ."

"ತಾಯಿ ಬರ್ತಾಳ ಬಿಡ್ರಿ. ದೇವರ ಇಚ್ಛಾ ಇದ್ರ ಬರ್ತಾಳ."

ಬರಲು ದಾರಿ ಎಲ್ಲಿದೆ? ದೇವರ ಇಚ್ಛೆ ಇದ್ದರೂ ಅದು ಈ ಸಾಲು ದಾಟಿ ಬರಬೇಕಿತ್ತು.

ಅಷ್ಟರಲ್ಲಿ ವೀರನಗೌಡ ಓಡಿಬಂದ. ಹೊಸ ಧೋತರ, ಹಣೆಗೆ ವಿಭೂತಿ, ಎದೆಗೆ ಕಾರ್ಯಕರ್ತರ ಬಿಲ್ಲೆ. ಮುಖದ ತುಂಬ ನಗು.

"ಬರ್ರಿ ಮಾಮಾ, ಬರ್ರಿ! ನೋಡಿದ್ರೇನು, ಹೆಂಗ ಕಾಪಾಡೇವಿ! ಯಾರರ ಒಂದ ತತ್ತಿ ಮುಟ್ಟಲಿ ನೋಡೂಣು. ಹಗಲಿಡೀ ಇಬ್ಬರನ್ನ ಕಾವಲಿಗೆ ಇಟ್ಟೇನಿ."

"ತಾಯಿ ಎಲ್ಲೈತೋ?"

ಅವನು ಸುತ್ತ ನೋಡಿದ. ನಾನು ಏರಿಯ ಕಡೆ ಕೈ ತೋರಿಸಿದೆ. ಅವನೂ ನೋಡಿದ. ಆ ಕ್ಷಣ ಅವನ ನಗು ಕಡಿಮೆಯಾದದ್ದನ್ನು ನಾನು ಕಂಡೆ. ಏನೋ ತಿಳಿಯಿತು ಅವನಿಗೆ. ಖಂಡಿತ ತಿಳಿಯಿತು. ಸತ್ತ ನವಿಲನ್ನು ವಲ್ಲಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದವನಿಗೆ ತಿಳಿಯದೇ ಇರುತ್ತದೆಯೇ? ಆದರೆ ಮೈಕಿನಲ್ಲಿ ಅವನ ಹೆಸರು ಕೂಗಿದರು. ಓವರ್‌ಸಿಯರ್ ಸಾಹೇಬರಿಗೆ ಸನ್ಮಾನ, ಚೇರ್ಮನ್ನರು ಬರಬೇಕು.

ಅವನು ಹೋದ.

ಮಕ್ತುಮ್‌ಸಾಬರನ್ನು ಮನೆಯಿಂದ ಕರೆಸಿದ್ದರು. "ನವಿಲಮ್ಮನಿಗೆ ದಾರಿ ಬಿಟ್ಟ ಪುಣ್ಯಾತ್ಮ" ಎಂದು ಶಾಲು ಹೊದಿಸಿದರು, ಕೊರಳಿಗೆ ಹಾರ ಹಾಕಿದರು. ಹಾರ ಹಾಕಿಸಿಕೊಂಡ ಮನುಷ್ಯ ಅಷ್ಟು ನೊಂದು ನಿಂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಹಾರ ತೆಗೆದು, ಮೊಟ್ಟೆಗಳ ಹತ್ತಿರ ಕುಕ್ಕರಗಾಲಲ್ಲಿ ಕೂತು, ಒಂದರ ಮೇಲೆ ಬೆರಳಿನ ಹಿಂಬದಿ ಇಟ್ಟು ನೋಡಿದರು.

"ತಣ್ಣಗ ಆಗ್ಯಾವ್ರಿ" ಎಂದರು ನನಗೆ. "ಭಾಳ ದಿನದಿಂದನ ತಣ್ಣಗ ಇರಬೇಕು. ಇನ್ನ ಇಲ್ಲಿ ಅಗದ್ರೂ ಆತು, ಬಿಟ್ರೂ ಆತು."

ಆಮೇಲೆ ಊಟಕ್ಕೆ ಕೂತೆವು. ಅತ್ತೆ ತಾವೇ ಬಡಿಸುತ್ತಿದ್ದರು. ಉಂಡಿಗಳೆಲ್ಲ ತಾಟಿಗೆ ಬಂದವು. ನಾನು ಮುಟ್ಟದೇ ಕೂತದ್ದನ್ನು ನೋಡಿ, ನವಿಲು ವಾಪಸು ಬರಲಿಲ್ಲವೆಂಬ ನನ್ನ ಸಂಕಟಕ್ಕೆ ಅವರು ಬಹಳ ಪ್ರೀತಿಯಿಂದ ಸಮಾಧಾನ ಹೇಳಿದರು.

"ಯಾಕ ಮನಸಿಗೆ ಹಚ್ಚಿಕೊಂತೀರಿ ಅಳಿಯಾರ? ತತ್ತಿ ದೇವರಾದ ಮ್ಯಾಲ ಅದಕ್ಕ ತನ್ನವು ಅನ್ನೂ ಮೋಹ ಹೋತ್ರಿ. ಬಿಟ್ಟಕೊಟ್ಟು ಹೋತು. ಉಣ್ರಿ, ಹಬ್ಬದ ದಿನಾ ಐತಿ."

ನಾನು ಎದ್ದೆ. ಕೈ ತೊಳೆದೆ. ಚಪ್ಪಲಿ ಮೆಟ್ಟಿ ಬಸ್ಸಿನ ದಾರಿ ಹಿಡಿದೆ. ಉಳಿದದ್ದು ಟೆರಿಕಾಟ್ ಬಟ್ಟೆಯ ಕಥೆ.

ಈಗ ನೀವು ಹೇಳಬಹುದು. ಪಾಪ, ಹಳ್ಳಿಯ ಜನ, ಭಕ್ತಿಯಿಂದ ಮಾಡಿದರು, ಕೊಲ್ಲಬೇಕೆಂದು ಮಾಡಿದರೇ? ಅಂಚೆ ಕಚೇರಿಯಲ್ಲಿ ನನ್ನ ಪಕ್ಕದ ಕುರ್ಚಿಯವರು ಇದನ್ನೇ ಹೇಳಿದರು. ಅವರೊಂದಿಗೆ ಎರಡು ದಿನ ಮಾತು ಬಿಟ್ಟೆ.

ಕೊಲ್ಲಬೇಕೆಂದು ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ ಸ್ವಾಮಿ! ಬೇಟೆಯವನು ಬಂದರೆ ಊರವರು ಬಡಿಗೆ ಹಿಡಿದು ಓಡಿಸುತ್ತಿದ್ದರು. ಗುತ್ತಿಗೆದಾರ ಮೊಟ್ಟೆಯ ಮೇಲೆ ಮಣ್ಣು ಸುರಿದಿದ್ದರೆ ಪೇಪರಿಗೆ ಪತ್ರ ಬರೆಯುತ್ತಿದ್ದೆವು, ಮೇಲಿನವರಿಗೆ ಅರ್ಜಿ ಕೊಡುತ್ತಿದ್ದೆವು. ಇಲ್ಲಿ ಯಾರ ಮೇಲೆ ಅರ್ಜಿ ಕೊಡುವುದು? ಆರತಿಯ ಮೇಲೆ? ತೋರಣದ ಮೇಲೆ? ಸರಕಾರ ದಾರಿ ಬಿಟ್ಟಿತು, ಗುದ್ದಲಿ ದಾರಿ ಬಿಟ್ಟಿತು, ಹಿರೇಕೆರೂರಿನಿಂದ ಕೂಲಿಗೆ ಬಂದವರು ಮಳೆಯಲ್ಲಿ ತೊಯ್ಯುತ್ತ ತೆಗ್ಗಿನ ಆ ತುದಿಯಿಂದ ಕೆಲಸ ಮಾಡಿದರು. ದಾರಿ ಬಿಡದೇ ಇದ್ದವರು ಭಕ್ತರು ಮಾತ್ರ.

ಇದೇ ನನ್ನ ಅತ್ತೆ ತಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಏನು ಮಾಡುತ್ತಾರೆ ಗೊತ್ತೇ? ಸುಮಿತ್ರಾ ಹಡೆದಾಗ ನಾನೇ ಕಂಡಿದ್ದೇನೆ. ಕೋಣೆಗೆ ಕತ್ತಲು, ಬಾಗಿಲಿಗೆ ಕಂಬಳಿ, ಬಾಗಿಲಲ್ಲಿ ಅತ್ತೆ. ಕೂಸಿನ ಅಪ್ಪನಾದ ನನ್ನನ್ನೇ ಹೊಸ್ತಿಲಲ್ಲಿ ತಡೆದು, "ಗಾಳಿ ಆಡ್ತೈತಿ, ಆಮ್ಯಾಲ ಬರ್ರಿ" ಎಂದು ವಾಪಸು ಕಳಿಸಿದವರು! ಹೆತ್ತವಳಿಗೆ ಏನು ಬೇಕೆಂದು ಅವರಿಗೆ ಗೊತ್ತಿಲ್ಲವೆಂದು ಯಾರು ಹೇಳಿಯಾರು? ಚೆನ್ನಾಗಿ ಗೊತ್ತು. ಆದರೆ ನವಿಲು ಅವರ ಕಣ್ಣಿಗೆ ಹೆತ್ತವಳಾಗಿ ಕಾಣಲೇ ಇಲ್ಲ. ದೇವರಾಗಿ ಕಂಡಿತು. ದೇವರಿಗೆ ನಿದ್ದೆ ಬೇಡ, ಏಕಾಂತ ಬೇಡ, ಹೆದರಿಕೆ ಇಲ್ಲ. ದೇವರು ಜನ ಸೇರಿದಷ್ಟೂ ಖುಷಿಪಡುತ್ತಾನೆ ಎಂದು ನಾವೇ ತೀರ್ಮಾನ ಮಾಡಿಕೊಂಡಿದ್ದೇವೆ.

ನಮ್ಮ ಕಾಪಾಡುವ ರೀತಿಯೇ ಇದು. ಹಳೆಯ ಗುಡಿಯ ಕಲ್ಲಿನ ಕೆತ್ತನೆ ಚೆಂದವಿದ್ದರೆ ಅದಕ್ಕೆ ಆಯಿಲ್ ಪೇಂಟ್ ಬಳಿಯುತ್ತೇವೆ. ಮರ ದೊಡ್ಡದಾಗಿದ್ದರೆ ಬುಡಕ್ಕೆ ಸಿಮೆಂಟಿನ ಕಟ್ಟೆ ಕಟ್ಟಿ ಬೇರಿಗೆ ನೀರಿಳಿಯದಂತೆ ಮಾಡುತ್ತೇವೆ. ಊರಲ್ಲಿ ಒಬ್ಬ ಒಳ್ಳೆಯ ಡಾಕ್ಟರ್ ಇದ್ದರೆ ಅವನನ್ನು ದಿನಾ ಒಂದು ಸಭೆಯ ಅಧ್ಯಕ್ಷನನ್ನಾಗಿ ಮಾಡಿ ದವಾಖಾನೆಗೆ ಹೋಗದಂತೆ ಮಾಡುತ್ತೇವೆ. ಯಾವುದನ್ನಾದರೂ ಅದರ ಪಾಡಿಗೆ ಬಿಟ್ಟ ಉದಾಹರಣೆ ಇದ್ದರೆ ನನಗೊಂದು ಕಾರ್ಡು ಬರೆಯಿರಿ. ಸ್ಟಾಂಪಿನ ಖರ್ಚು ನನ್ನದು.

ಸುಮಿತ್ರಾ ನನ್ನ ಪರವೂ ಇಲ್ಲ, ತವರಿನ ಪರವೂ ಇಲ್ಲ. "ನೀವು ಒದರಿದ್ರಿ, ಅವರು ಮೈಕ್ ಹಚ್ಚಿದ್ರು. ಅದಕ್ಕ ಎರಡೂ ಗದ್ಲಾನ" ಎಂದಳು ಒಂದು ದಿನ. ಆ ಮಾತು ನನಗೆ ನಾಟಿತು. ಅವಳು ಹೇಳಿದ್ದಕ್ಕೇ ಕಳೆದ ಭಾನುವಾರ ರಾಜಿಗೆ ಒಪ್ಪಿ ಮತ್ತೆ ಆ ಊರಿಗೆ ಹೋದೆ. ಬಟ್ಟೆ ಬೇಡ, ವಾಚು ಬೇಡ, ಸ್ಕೂಟರ್ ಬೇಡ, ಅತ್ತೆಯ ಕೈಯ ರೊಟ್ಟಿ ಉಂಡು ಬರುತ್ತೇನೆ ಎಂದು ಹೇಳಿ ಕಳಿಸಿದ್ದೆ.

ವೀರನಗೌಡ ಬಸ್ಸಿಳಿಯುವ ಜಾಗಕ್ಕೇ ಬಂದು ನಿಂತಿದ್ದ. ದಾರಿಯುದ್ದಕ್ಕೂ ಇಬ್ಬರೂ ಮಳೆ, ಬೆಳೆ, ಹತ್ತಿಯ ಹುಳದ ಮಾತಾಡಿದೆವು. ಶಾಲೆ ಹತ್ತಿರ ಬಂದಾಗ ಅವನೇ ನಿಂತ.

"ಮಾಮಾ, ಒಂದ ನಿಮಿಷ ಈ ಕಡೆ ಬರ್ರಿ. ಕೆಲಸಾ ಮುಗದೈತಿ, ನೋಡಿದ್ರ ನಿಮ್ಮ ಸಿಟ್ಟ ಇಳೀತೈತಿ."

ಕೇಬಲ್ ಹೂತಾಗಿತ್ತು. ಏರಿಯ ಮೇಲಿನ ಕಂಬಗಳೂ ತಂತಿಗಳೂ ಇರಲಿಲ್ಲ. ಹುಣಸೆ ಮರಗಳ ಮೇಲೆ ಬರೀ ಆಕಾಶ. ನಿಜ ಹೇಳುತ್ತೇನೆ, ಆ ಆಕಾಶ ನೋಡಿ ನನ್ನ ಅರ್ಧ ಸಿಟ್ಟು ಇಳಿಯಿತು. ಹೊಸ ಮಣ್ಣಿನ ಗೆರೆ ಶಾಲೆಯಿಂದ ನೆಟ್ಟಗೆ ಬಂದು, ಒಂದು ಕಡೆ ಸುತ್ತು ಹಾಕಿ ಬಾಗಿ, ಮತ್ತೆ ನೆಟ್ಟಗೆ ಹೋಗಿತ್ತು. ಅದು ಗೂಡಿದ್ದ ಜಾಗ. ಅಲ್ಲೀಗ ಸಿಮೆಂಟಿನ ಕಟ್ಟೆ. ಕಟ್ಟೆಯ ಮೇಲೆ ನೀಲಿ ಬಣ್ಣದ ಗಾರೆಯ ನವಿಲು. ಅದರ ಮುಂದೆ ಬಿಳಿ ಬಣ್ಣ ಬಳಿದ ಐದು ಗುಂಡು ಕಲ್ಲು.

"ದೇವರ ಮ್ಯಾಲ ಕೇಬಲ್ ಹಾಯಿಸಬಾರ್ದಂತ ಜನಾ ಹಟಾ ಹಿಡದ್ರು. ಮಕ್ತುಮ್‌ಸಾಬ್ರ ಬಗ್ಗಿಸಿ ಒಯ್ದ್ರು" ಎಂದ.

ಜೀವ ಇದ್ದಾಗ ತಿಂಗಳು ಕಾಯಲಾರದವರು ಕಲ್ಲಿಗೆ ಶಾಶ್ವತವಾಗಿ ಜಾಗ ಬಿಟ್ಟಿದ್ದರು. ಆದರೂ ಬಾಯಿ ಮುಚ್ಚಿಕೊಂಡೆ. ರಾಜಿಗೆ ಬಂದವನಲ್ಲವೇ? ಜಗಳ ಬೇಡವೆಂದು ತಲೆ ಎತ್ತಿ ಮೇಲೆ ನೋಡಿದೆ. ಕಟ್ಟೆಯ ಮೇಲೆ ಟ್ಯೂಬ್‌ಲೈಟ್ ಇತ್ತು. ಅದಕ್ಕೆ ಕರೆಂಟು ಎಲ್ಲಿಂದ ಬಂತು ಎಂದು ಕಣ್ಣು ಹಾಯಿಸಿದೆ. ಶಾಲೆಯ ಗೋಡೆಯಿಂದ ಎರಡು ತಂತಿ ಹೊರಟು, ಒಂದು ಬಿದಿರಿಗೆ ಆತುಕೊಂಡು, ಏರಿಯ ಹುಣಸೆಯ ಕೊಂಬೆಯ ಕೆಳಗೇ ಹಾಯ್ದು, ಜೋತಾಡುತ್ತ ಬಂದು ಕಟ್ಟೆ ಸೇರಿದ್ದವು. ಮೈಮೇಲೆ ರಬ್ಬರೂ ಇಲ್ಲ, ಏನೂ ಇಲ್ಲ. ಬರೀ ಬೆತ್ತಲೆ ತಂತಿ.

"ಇದೇನೋ ವೀರನಗೌಡ?" ಎಂದೆ.

"ಲೈಟ್ ರೀ ಮಾಮಾ. ತಾಯಿ ಕತ್ತಲದಾಗ ಇರಬಾರ್ದಲ್ಲ? ಸಂಜೀಕ ಹಚ್ಚಿದ್ರ ಭಾಳ ಚೆಂದ ಕಾಣ್ತೈತ್ರಿ."

"ವೈರ್ ಬ್ಯಾಡಂತ ನೀನ ಹೆಣಾ ಹೊತಗೊಂಡ ಹೋಗಿದ್ದೀ. ವೈರ್ ಬ್ಯಾಡಂತನ ನೆಲಾ ಅಗಸಿದ್ದೀ. ಮರದಿಂದ ನವಿಲ ಇಳಿಯೂ ಮುಂದ ಇದಕ್ಕ ತಾಗಿದ್ರ?"

ವೀರನಗೌಡ ನನ್ನ ಹೆಗಲ ಮೇಲೆ ಕೈ ಇಟ್ಟ. ನನ್ನ ಗಾಬರಿ ಕಂಡು ಅವನಿಗೆ ನಿಜವಾಗಿಯೂ ಕನಿಕರ ಬಂದಿತ್ತು.

"ಅದರ ಚಿಂತಿ ಬಿಡ್ರಿ ಮಾಮಾ. ಪಂಚಮಿ ಆದಾಗಿಂದ ಈ ಕಡೆ ಒಂದೂ ನವಿಲ ಬಂದಿಲ್ಲ."

ಅಲ್ಲಿಗೆ ಆ ಊರಿನ ನವಿಲುಗಳ ರಕ್ಷಣೆ ಸಂಪೂರ್ಣವಾಯಿತು.